ಮಹಾತ್ಮರ ಕಡೆಯ ದಿನಚರಿ

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಅವರ ಬಾಳಿನ ದೊಡ್ಡ ಘಟನೆಗಳನ್ನು ಆಯ್ದು ಮಣಿಗಳಂತೆ ಪೋಣಿಸುವುದು ವಾಡಿಕೆ. ಜನನ, ವಿದ್ಯಾಭ್ಯಾಸ, ಹೋರಾಟ, ಸೆರೆವಾಸ, ಜಯ, ಮರಣ ಇವೆಲ್ಲ ಮಣಿಗಳು. ಮಣಿಗಳನ್ನು ಹಿಡಿದು ನಿಲ್ಲಿಸಿದ ದಾರದ ಕಡೆಗೆ ಓದುಗರ ದೃಷ್ಟಿ ಹೋಗುವುದು ಅಪರೂಪ. ಮಹಾತ್ಮಾ ಗಾಂಧಿಯವರ ವಿಷಯದಲ್ಲಿ ಆ ದಾರವೆಂದರೆ ಅವರ ದಿನಚರಿ. ೧೯೪೮ನೆಯ ಇಸವಿ ಜನವರಿ ೩೦ನೆಯ ತಾರೀಖು ಶುಕ್ರವಾರ ಸಾಯಂಕಾಲ ದೇಶಕ್ಕೆ ಎಂತಹ ಆಪತ್ತು ಒದಗಿತೆಂಬುದನ್ನು ಅರಿಯದವರಿಲ್ಲ. ಆದರೆ ಅದೇ ದಿನ ಬೆಳಗಿನ ಜಾವದಿಂದ ಸಾಯಂಕಾಲದವರೆಗಿನ ಸುಮಾರು ಹದಿನಾಲ್ಕು ಘಂಟೆಗಳ ಕಾಲ ಆ ವೃದ್ಧರು ಏನೇನು ಮಾಡಿದರೆಂಬುದನ್ನು ಬಲ್ಲವರು ಕಡಿಮೆ. ಅವರ ಪಾಲಿಗೆ ಅದು ಇತರ ದಿನಗಳಂತಹುದೇ ಒಂದು ದಿನ. ಅದು ಹಾಗಿದ್ದುದರಲ್ಲಿಯೇ ಅವರ ಜೀವನದ ಸಾರವನ್ನು ಕಾಣಬಹುದೆಂದು ನಾವು ಭಾವಿಸುತ್ತೇವೆ.

ಕಾಠಿಯಾವಾಡದ ಪೋರಬಂದರದಲ್ಲಿ ೧೮೬೯ನೆಯ ಅಕ್ಟೋಬರ್ ೨ರಂದು ದಿವಾನರೊಬ್ಬರ ಮನೆಯಲ್ಲಿ ಹುಟ್ಟಿದ ಮೋಹನದಾಸನು ಹುಟ್ಟಿನಿಂದಲೇ ಅಸಾಧಾರಣನೆಂದು ಯಾರೂ ಎಣಿಸಿರಲಿಲ್ಲ. ವಿದ್ಯೆಯಲ್ಲಿ ಮಧ್ಯಮ, ಸಭೆಯಲ್ಲಿ ಅಂಜುಬುರುಕ. ತಾಯಿ ಪುತಳೀಬಾಯಿಯವರು ಮಾತ್ರ ವ್ರತನಿಯಮಗಳಲ್ಲಿ ದೃಢಚಿತ್ತರು. ಹಿಡಿದ ವ್ರತವನ್ನು ಜ್ವರ ಬಂದರೂ ಬಿಟ್ಟವರಲ್ಲ. ಮಗನಿಗೆ ಬಂದ ಪಿತ್ರಾರ್ಜಿತಕ್ಕಿಂತ ಈ ಮಾತ್ರಾರ್ಜಿತವೇ ದೊಡ್ಡದಾಯಿತು. ೧೮೮೮ರಲ್ಲಿ ಲಂಡನ್ನಿಗೆ ಹೋದ ತರುಣನು ಕಾಸುಕಾಸಿಗೂ ಲೆಕ್ಕವಿಟ್ಟು ರಾತ್ರಿ ಮಲಗುವ ಮುನ್ನ ಅದನ್ನು ತಾಳೆ ನೋಡುತ್ತಿದ್ದನು. ಮುಂದೆ ಲಕ್ಷಾಂತರ ರೂಪಾಯಿಗಳ ಸಾರ್ವಜನಿಕ ನಿಧಿಗಳು ಅವರ ಕೈಮೇಲೆ ಹಾದುಹೋದಾಗ ಈ ಅಭ್ಯಾಸವೇ ಅವರನ್ನು ಕಾಯಿತು. ಹಣಕ್ಕೆ ಇಟ್ಟ ಲೆಕ್ಕವನ್ನು ಅವರು ಕ್ರಮೇಣ ಕಾಲಕ್ಕೂ ಇಟ್ಟರು.

೧೮೯೩ರಲ್ಲಿ ವ್ಯಾಪಾರಿಗಳೊಬ್ಬರ ವ್ಯಾಜ್ಯಕ್ಕಾಗಿ ದಕ್ಷಿಣ ಆಫ್ರಿಕಕ್ಕೆ ಹೋದ ಬಾರಿಸ್ಟರನು ಅಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಿಂತನು. ಪೀಟರ್‌ಮಾರಿಟ್ಸ್‌ಬರ್ಗಿನ ರೈಲ್ವೆ ನಿಲ್ದಾಣದಲ್ಲಿ ಮೊದಲನೆಯ ತರಗತಿಯ ಡಬ್ಬಿಯಿಂದ ಅವರನ್ನು ಹೊರಗೆ ನೂಕಿದ ಕಥೆಯನ್ನು ಮಕ್ಕಳೂ ಬಲ್ಲರು. ಆದರೆ ಆ ಅವಮಾನವನ್ನು ಒಂದು ಮಹಾಶಕ್ತಿಯನ್ನಾಗಿ ಮಾರ್ಪಡಿಸಿದ್ದು ಒಂದು ರಾತ್ರಿಯ ಆವೇಶವಲ್ಲ. ೧೯೦೪ರಲ್ಲಿ ಸ್ಥಾಪಿತವಾದ ಫೀನಿಕ್ಸ್ ಆಶ್ರಮದಲ್ಲಿಯೂ ೧೯೧೦ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಕ್ಷೇತ್ರದಲ್ಲಿಯೂ ನಡೆದ ನಿತ್ಯದ ದುಡಿಮೆ. ಅಲ್ಲಿ ನೆಲ ಅಗೆಯುವುದು, ರೊಟ್ಟಿ ಬೇಯಿಸುವುದು, ಪತ್ರಿಕೆಯ ಅಚ್ಚುಮೊಳೆ ಜೋಡಿಸುವುದು, ಚಪ್ಪಲಿ ಹೊಲಿಯುವುದು, ಕಕ್ಕಸು ತೊಳೆಯುವುದು ಎಲ್ಲವೂ ಎಲ್ಲರ ಪಾಲಿನ ಕೆಲಸ. ೧೯೧೩ರಲ್ಲಿ ಗಣಿ ಕೂಲಿಗಳೂ ಹೆಂಗಸರೂ ಮಕ್ಕಳೂ ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿ ನಡೆದಾಗ ಅವರ ಮುಂದಾಳು ಅನ್ನವನ್ನು ತಾನೇ ಅಳೆದು ಬಡಿಸುತ್ತಿದ್ದನು. ಸತ್ಯಾಗ್ರಹವೆಂಬ ಶಬ್ದವನ್ನು ಜಗತ್ತು ಕಲಿತದ್ದು ಆ ನೆಲದಲ್ಲಿ.

೧೯೧೫ರ ಜನವರಿಯಲ್ಲಿ ಸ್ವದೇಶಕ್ಕೆ ಮರಳಿದ ಮೇಲಿನ ಕಥೆಯನ್ನು ಇಲ್ಲಿ ವಿಸ್ತರಿಸುವ ಅವಶ್ಯಕತೆಯಿಲ್ಲ. ಚಂಪಾರಣ್ಯದ ನೀಲಿ ಬೆಳೆಗಾರರು, ಖೇಡಾ ಜಿಲ್ಲೆಯ ರೈತರು, ಅಹಮದಾಬಾದಿನ ಗಿರಣಿ ಕೂಲಿಗಳು, ೧೯೨೦ರ ಅಸಹಕಾರ, ೧೯೩೦ರ ಉಪ್ಪಿನ ಸತ್ಯಾಗ್ರಹ, ೧೯೪೨ರ ಚಳವಳಿ ಎಂದು ಎಣಿಸಿದರೆ ಸಾಕು. ವಾಚಕರ ಕಣ್ಣಮುಂದೆ ಒಂದೊಂದು ಚಿತ್ರವೂ ತಾನಾಗಿ ನಿಲ್ಲುವುದು. ಸಾಬರಮತಿಯಿಂದ ದಾಂಡಿಗೆ ೨೪೦ ಮೈಲಿಗಳನ್ನು ೨೪ ದಿನಗಳಲ್ಲಿ ನಡೆದ ಆ ಯಾತ್ರೆಯಲ್ಲಿ ಸಹ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ಇವು ಮೂರೂ ಯಾತ್ರಿಕರಿಗೆ ಕಡ್ಡಾಯವಾಗಿದ್ದುವು. ಆ ತಂಡದಲ್ಲಿದ್ದ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಇದೇ ಶಿಸ್ತಿನಲ್ಲಿ ಪಳಗಿ ೧೯೪೩ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು.

ಕನ್ನಡನಾಡು ಮಹಾತ್ಮರನ್ನು ಕೇವಲ ದೂರದಿಂದ ಕಂಡದ್ದಲ್ಲ. ಅವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಮಹಾಸಭೆ ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇರಿತು. ೧೯೨೭ರಲ್ಲಿ ದೇಹ ಕುಸಿದು ವೈದ್ಯರು ವಿಶ್ರಾಂತಿಯನ್ನು ವಿಧಿಸಿದಾಗ ಅವರು ನಂದಿಬೆಟ್ಟಕ್ಕೂ ತರುವಾಯ ಬೆಂಗಳೂರಿನ ಕುಮಾರಪಾರ್ಕಿಗೂ ಬಂದು ತಂಗಿದರು. ಆ ವಿಶ್ರಾಂತಿಯಾದರೂ ಎಂತಹುದು! ಬೆಂಗಳೂರಿನ ಹೈನುಗಾರಿಕೆಯ ಸಂಸ್ಥೆಗೆ ಹೋಗಿ ಗೋಪಾಲನೆಯ ಶಾಸ್ತ್ರವನ್ನು ವಿದ್ಯಾರ್ಥಿಯಂತೆ ಕೇಳಿ ಕಲಿತರು. ಆಗ ಅವರಿಗೆ ಐವತ್ತೆಂಟನೆಯ ವರ್ಷ. ಕಾಯಿಲೆಯ ದಿನವೆಂದು ದಿನವನ್ನು ವ್ಯರ್ಥಗೊಳಿಸುವುದು ಅವರಿಂದ ಆಗದ ಮಾತಾಗಿತ್ತು.

ಸ್ವಾತಂತ್ರ್ಯದ ಸೂರ್ಯೋದಯದ ವೇಳೆಗೆ ಅವರ ಬಾಳಿನ ಸಂಧ್ಯೆ ಆರಂಭವಾಗಿದ್ದಿತು. ಆಗಾಖಾನ್ ಅರಮನೆಯ ಸೆರೆಯಲ್ಲಿ ೧೯೪೨ರ ಆಗಸ್ಟ್ ೧೫ರಂದು ಮಹಾದೇವ ದೇಸಾಯಿಯವರನ್ನೂ ೧೯೪೪ರ ಫೆಬ್ರವರಿ ೨೨ರಂದು ಕಸ್ತೂರಿಬಾ ಅವರನ್ನೂ ಕಳೆದುಕೊಂಡಿದ್ದರು. ನವಾಖಾಲಿಯ ಹಳ್ಳಿಗಳಲ್ಲಿ ಬರಿಗಾಲಿನಿಂದ ನಡೆದರು. ೧೯೪೭ರ ಆಗಸ್ಟ್ ೧೫ರಂದು ದೆಹಲಿಯಲ್ಲಿ ಉತ್ಸವ ನಡೆಯುತ್ತಿದ್ದಾಗ ಕಲ್ಕತ್ತೆಯ ಬೆಲಿಯಾಘಾಟದ ಒಂದು ಹಳೆಯ ಮನೆಯಲ್ಲಿ ಉಪವಾಸ ಪ್ರಾರ್ಥನೆಗಳಿಂದ ದಿನ ಕಳೆದರು. ಸೆಪ್ಟೆಂಬರ್ ೯ರಂದು ದೆಹಲಿಗೆ ಬಂದಾಗ ಅವರು ಹೋಗಬೇಕೆಂದಿದ್ದುದು ಪಂಜಾಬಿಗೆ. ಆದರೆ ರಾಜಧಾನಿಯೇ ಹೊತ್ತಿ ಉರಿಯುತ್ತಿದ್ದಿತು. ಭಂಗಿ ವಸತಿಯು ನಿರಾಶ್ರಿತರಿಂದ ತುಂಬಿದ್ದ ಕಾರಣ ಅಲ್ಬುಕರ್ಕ್ ರಸ್ತೆಯ ಬಿರ್ಲಾ ಭವನದಲ್ಲಿ ಇಳಿದುಕೊಂಡರು. ೧೯೪೮ರ ಜನವರಿ ೧೩ರಿಂದ ೧೮ರವರೆಗೆ ಮಾಡಿದ ಉಪವಾಸವು ಅವರ ಜೀವಮಾನದ ಕಡೆಯ ಉಪವಾಸ. ಎಲ್ಲ ಮತಗಳ ಮುಖಂಡರೂ ಬಂದು ಶಾಂತಿಯ ವಚನವಿತ್ತ ಮೇಲೆಯೇ ಅದು ಮುಗಿಯಿತು. ಎರಡು ದಿನಗಳ ತರುವಾಯ, ೨೦ರಂದು, ಪ್ರಾರ್ಥನಾ ಸ್ಥಳದ ಗೋಡೆಯ ಬಳಿ ಬಾಂಬೊಂದು ಸಿಡಿಯಿತು. ಅವರು ಜನರನ್ನು ಸಮಾಧಾನಪಡಿಸಿ ಪ್ರಾರ್ಥನಾಸಭೆಯನ್ನು ಮುಂದುವರಿಸಿದರು. ಹಿಡಿಯಲ್ಪಟ್ಟ ಯುವಕನನ್ನು ದ್ವೇಷಿಸಬಾರದೆಂದು ಮರುದಿನ ಜನರಿಗೆ ಬೋಧಿಸಿದರು.

ಇನ್ನು ಆ ಶುಕ್ರವಾರ. ಬೆಳಗಿನ ಮೂರೂವರೆ ಘಂಟೆಗೆ ಎಂದಿನಂತೆ ಎದ್ದರು. ಚಳಿಗಾಲದ ಕತ್ತಲೆಯಲ್ಲಿ ಪ್ರಾರ್ಥನೆ ನಡೆಯಿತು. ಜೊತೆಯವರಲ್ಲಿ ಒಬ್ಬರು ಪ್ರಾರ್ಥನೆಗೆ ಏಳಲಿಲ್ಲವೆಂದು ಅವರ ಮನಸ್ಸು ನೊಂದಿತು. ಆಮೇಲೆ ಹಿಂದಿನ ರಾತ್ರಿ ದಣಿವಿನಲ್ಲಿಯೂ ಬಿಡದೆ ಬರೆದಿದ್ದ ಕರಡನ್ನು ತಿದ್ದಲು ಕುಳಿತರು. ಅದು ಕಾಂಗ್ರೆಸ್ಸಿನ ಹೊಸ ರಚನೆಯ ಕರಡು. ಸ್ವಾತಂತ್ರ್ಯ ಸಂಪಾದನೆಗಾಗಿ ಕಟ್ಟಿದ ಸಂಸ್ಥೆಯು ಆ ಕಾರ್ಯ ಮುಗಿದ ಮೇಲೆ ಅಧಿಕಾರದ ಸ್ಪರ್ಧೆಗೆ ಇಳಿಯದೆ ತನ್ನನ್ನು ವಿಸರ್ಜಿಸಿಕೊಂಡು ಹಳ್ಳಿಗಳ ಸೇವೆಗಾಗಿ ಲೋಕಸೇವಕ ಸಂಘವಾಗಿ ಅರಳಬೇಕೆಂಬುದು ಅದರ ಆಶಯ. ಇದನ್ನೇ ಲೋಕವು ಮುಂದೆ ಅವರ ಮರಣಶಾಸನವೆಂದು ಕರೆಯಿತು. ಬರೆದವರಿಗೆ ಅದು ಬೆಳಗಿನ ಕೆಲಸಗಳಲ್ಲಿ ಒಂದು. ಕರಡನ್ನು ಕಾರ್ಯದರ್ಶಿ ಪ್ಯಾರೇಲಾಲರ ಕೈಗೆ ಕೊಟ್ಟು, ಕೊರತೆಯಿದ್ದಲ್ಲಿ ತುಂಬುವಂತೆ ಹೇಳಿ ಅಭ್ಯಂಗನಕ್ಕೆ ತೆರಳಿದರು.

ಅಂಗಮರ್ದನವಾಗುತ್ತಿದ್ದಾಗ ವೃತ್ತಪತ್ರಿಕೆಗಳನ್ನು ನೋಡಿದರು. ಸ್ನಾನವಾಯಿತು, ತೂಕ ನೋಡಿದಾಗ ೧೦೯೧/೨ ಪೌಂಡು. ಬಳಿಕ ಬಂಗಾಳಿ ಪಾಠ. ನವಾಖಾಲಿಗೆ ಹೋದಂದಿನಿಂದ ಆ ಜನರ ಭಾಷೆಯನ್ನು ಕಲಿಯಲೇಬೇಕೆಂದು ದಿನವೂ ಅಕ್ಷರ ತಿದ್ದುತ್ತಿದ್ದ ಎಪ್ಪತ್ತೆಂಟು ವರ್ಷದ ವಿದ್ಯಾರ್ಥಿಯು ಆ ದಿನದ ಪಾಠವನ್ನೂ ಬಿಡಲಿಲ್ಲ. ಒಂಬತ್ತೂವರೆಗೆ ಆಹಾರ: ಆಡಿನ ಹಾಲು, ಬೇಯಿಸಿದ ತರಕಾರಿ, ಕಿತ್ತಳೆ. ಉಣ್ಣುತ್ತಲೇ ನವಾಖಾಲಿಯ ಸ್ಥಿತಿಗತಿಗಳನ್ನು ವಿಚಾರಿಸಿದರು. ಸ್ವಲ್ಪ ಹೊತ್ತು ಮಲಗಿ ಎದ್ದ ಮೇಲೆ ಉಪವಾಸಾನಂತರ ಮೊದಲನೆಯ ಸಲ ಯಾರ ಆಸರೆಯೂ ಇಲ್ಲದೆ ತಾವೇ ನಾಲ್ಕು ಹೆಜ್ಜೆ ನಡೆದರು. ದೇಹಕ್ಕೆ ಬಲ ಮರಳುತ್ತಿದ್ದಿತು.

ಮಧ್ಯಾಹ್ನವೆಲ್ಲ ಬಂದವರನ್ನು ಕಾಣುವುದರಲ್ಲಿ ಕಳೆಯಿತು. ದೆಹಲಿಯ ಮೌಲಾನಾಗಳು ಬಂದರು. ತಾವು ಕೆಲದಿನಗಳ ಮಟ್ಟಿಗೆ ವಾರ್ಧಾಕ್ಕೆ ಹೋಗಿಬರುವುದಕ್ಕೆ ಅವರ ಸಮ್ಮತಿಯನ್ನು ಕೇಳಿದರು. ಕಾಪಾಡುವೆನೆಂದು ಮಾತುಕೊಟ್ಟ ಜನರ ಅನುಮತಿಯಿಲ್ಲದೆ ಊರು ಬಿಡುವುದು ಸರಿಯಲ್ಲವೆಂಬ ಸೂಕ್ಷ್ಮತೆ ಇಲ್ಲಿ ಗಮನಾರ್ಹ. ಅಮೆರಿಕದ ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್-ವೈಟ್ ಅವರು ಬಂದು ಅಣುಬಾಂಬಿನ ಎದುರಿಗೆ ಅಹಿಂಸೆ ಏನು ಮಾಡೀತೆಂದು ಪ್ರಶ್ನಿಸಿದರು. ಅದಕ್ಕೂ ತಾಳ್ಮೆಯಿಂದ ಉತ್ತರವಿತ್ತರು.

ನಾಲ್ಕು ಘಂಟೆಗೆ ಸರದಾರ ವಲ್ಲಭಭಾಯಿ ಪಟೇಲರು ಮಗಳು ಮಣಿಬೆನ್ ಅವರೊಡನೆ ಬಂದರು. ಪಂಡಿತ ಜವಾಹರಲಾಲರಿಗೂ ಸರದಾರರಿಗೂ ಮನಸ್ತಾಪ ಬೆಳೆದಿದ್ದ ಕಾಲವದು. ಇಬ್ಬರಲ್ಲಿ ಒಬ್ಬರು ಮಂತ್ರಿಮಂಡಲದಿಂದ ಹೊರಬರುವರೆಂಬ ವದಂತಿ ವಿದೇಶಗಳ ಪತ್ರಿಕೆಗಳವರೆಗೂ ಹಬ್ಬಿದ್ದಿತು. ಮಹಾತ್ಮರು ಚರಕವನ್ನು ತಿರುಗಿಸುತ್ತ ಈ ಒಂದು ವಿಷಯವನ್ನೇ ಮಾತನಾಡಿದರು. ಒಬ್ಬರು ಹೊರಗೆ ಹೋಗುವುದು ಒಳ್ಳೆಯದೇನೋ ಎಂದು ಹಿಂದೆ ತಮಗೂ ತೋರಿದ್ದುಂಟು. ಈಗ ಇಬ್ಬರೂ ದೇಶಕ್ಕೆ ಅನಿವಾರ್ಯರೆಂದು ನಿಶ್ಚಯಿಸಿದ್ದರು. ಪ್ರಾರ್ಥನೆಯಾದ ಮೇಲೆ ಪಂಡಿತರನ್ನೂ ಕಂಡು ಇದನ್ನೇ ಹೇಳುವ ಏರ್ಪಾಡಾಗಿದ್ದಿತು. ಪ್ರಾರ್ಥನೆಯ ವೇಳೆಯಾದ ಐದು ಘಂಟೆ ಕಳೆಯಿತು. ಮಾತಿನ ಗಾಂಭೀರ್ಯವನ್ನು ಕಂಡು ಯಾರಿಗೂ ನಡುವೆ ಬರಲು ಧೈರ್ಯವಾಗಲಿಲ್ಲ. ಆಭಾ ಗಡಿಯಾರವನ್ನು ಎತ್ತಿ ತೋರಿಸಿದರು; ಅದನ್ನು ನೋಡುವ ವ್ಯವಧಾನವಿರಲಿಲ್ಲ. ಕಡೆಗೆ ಮಣಿಬೆನ್ ಅವರು ನೆನಪುಮಾಡಿದ ಮೇಲೆ ೫ ಘಂಟೆ ೧೦ ನಿಮಿಷಕ್ಕೆ ಎದ್ದು ಹೊರಟರು.

ಮನು ಮತ್ತು ಆಭಾ ಇಬ್ಬರ ಹೆಗಲ ಮೇಲೆ ಕೈಯಿರಿಸಿ ಸುಮಾರು ಇನ್ನೂರು ಗಜದ ಹುಲ್ಲುಹಾದಿಯನ್ನು ಬಿರುಸಾಗಿ ನಡೆದರು. ತಡಮಾಡಿದುದಕ್ಕೆ ಹಾದಿಯುದ್ದಕ್ಕೂ ಅವರನ್ನು ವಿನೋದವಾಗಿ ಗದರಿಸುತ್ತಿದ್ದರು: ನೀವೇ ನನ್ನ ಗಡಿಯಾರ, ಗಡಿಯಾರವು ಸಂಕೋಚಪಡಬಾರದು, ರೋಗಿಗೆ ಔಷಧ ಕೊಡುವ ದಾದಿಯು ಎಷ್ಟು ದೊಡ್ಡವರು ಕುಳಿತಿದ್ದರೂ ಹೊತ್ತು ಮೀರಿಸಬಾರದು, ಎಂಬುದು ಆ ಮಾತಿನ ತಾತ್ಪರ್ಯ. ಮೆಟ್ಟಿಲೇರಿ ಜನರಿಗೆ ಕೈಮುಗಿದರು. ಗುಂಪಿನಿಂದ ಒಬ್ಬನು ನುಗ್ಗಿ ಬಂದನು. ಹೊತ್ತಾಯಿತೆಂದು ತಡೆಯಹೋದ ಮನುವನ್ನು ಅವನು ತಳ್ಳಿದಾಗ ಕೈಯಲ್ಲಿದ್ದ ಜಪಮಾಲೆ, ಪೀಕದಾನಿ, ಟಿಪ್ಪಣಿ ಪುಸ್ತಕಗಳು ನೆಲಕ್ಕೆ ಬಿದ್ದುವು. ಮೂರು ಗುಂಡುಗಳು ಹಾರಿದುವು. ರಾಮನಾಮವನ್ನು ಉಚ್ಚರಿಸುತ್ತ ಮಹಾತ್ಮರು ಉರುಳಿದರೆಂದು ಪಕ್ಕದಲ್ಲಿದ್ದವರು ಬರೆದಿಟ್ಟಿದ್ದಾರೆ. ವೇಳೆ ೫ ಘಂಟೆ ೧೭ ನಿಮಿಷ.

ಆ ಸಂಜೆ ದೇಶದ ಇತರ ಕಡೆಗಳಲ್ಲಿಯೂ ಅದೊಂದು ಸಾಮಾನ್ಯ ಶುಕ್ರವಾರವೇ ಆಗಿದ್ದಿತು. ಕಚೇರಿಗಳು ಮುಚ್ಚುವ ಹೊತ್ತು, ದೀಪ ಹಚ್ಚುವ ಹೊತ್ತು. ಆರು ಘಂಟೆಯ ಸುಮಾರಿಗೆ ರೇಡಿಯೋ ಮೂಲಕ ವಾರ್ತೆ ಹೊರಬಿದ್ದಿತು. ಹಂತಕನು ಯಾರು, ಯಾವ ಮತದವನು ಎಂಬ ಪ್ರಶ್ನೆಯಲ್ಲಿ ಲಕ್ಷಾಂತರ ಜನರ ಪ್ರಾಣ ತೂಗಾಡುತ್ತಿದ್ದಿತು. ಅವನು ಹಿಂದೂ ಎಂಬುದನ್ನು ಸರ್ಕಾರವು ತಡಮಾಡದೆ ಸಾರಿದುದರಿಂದ ಆ ರಾತ್ರಿ ಮತ್ತೊಂದು ಮಾರಣಹೋಮ ತಪ್ಪಿತು. ಆದರೂ ಪುಣೆ, ಸಾತಾರಾ, ಕೊಲ್ಲಾಪುರ ಮುಂತಾದೆಡೆಗಳಲ್ಲಿ ಹಂತಕನ ಜಾತಿಗೆ ಸೇರಿದರೆಂಬ ಒಂದೇ ಕಾರಣದಿಂದ ನಿರಪರಾಧಿಗಳ ಮನೆಗಳಿಗೆ ಬೆಂಕಿ ಬಿದ್ದಿತು. ಅಹಿಂಸೆಯ ಆಚಾರ್ಯನಿಗಾಗಿ ಅಳುತ್ತಲೇ ಜನರು ಹಿಂಸೆಗಿಳಿದರೆಂಬ ಈ ಸಂಗತಿಯನ್ನು ಮುಚ್ಚಿಡುವುದು ಅವರ ಸ್ಮರಣೆಗೆ ಸಲ್ಲಿಸುವ ಗೌರವವಾಗದು. ಮರುದಿನ ಯಮುನಾತೀರದಲ್ಲಿ ಮಗ ರಾಮದಾಸರು ಚಿತೆಗೆ ಅಗ್ನಿಸ್ಪರ್ಶ ಮಾಡಿದರು. ಚಿತಾಭಸ್ಮವು ಪ್ರಯಾಗದ ಸಂಗಮದಲ್ಲಿಯೂ ದೇಶದ ಇತರ ನದಿಗಳಲ್ಲಿಯೂ ವಿಸರ್ಜಿತವಾಯಿತು; ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಯೂ ಅದನ್ನು ಸ್ವೀಕರಿಸಿದಳು.

ಇಲ್ಲಿಗೆ ಚರಿತ್ರೆ ಮುಗಿದರೂ ವಿಚಾರ ಮುಗಿಯುವುದಿಲ್ಲ. ಬಾಂಬು ಸಿಡಿದ ಜನವರಿ ೨೦ಕ್ಕೂ ಗುಂಡು ಹಾರಿದ ೩೦ಕ್ಕೂ ನಡುವೆ ಹತ್ತು ದಿನಗಳಿದ್ದುವು. ಹಿಡಿಯಲ್ಪಟ್ಟ ಮದನಲಾಲನು ಪುಣೆಯಿಂದ ಹೊರಡುವ ಮರಾಠಿ ಪತ್ರಿಕೆಯೊಂದರ ಸಂಪಾದಕನು ಈ ಒಳಸಂಚಿನಲ್ಲಿದ್ದಾನೆಂದು ಬಾಯಿಬಿಟ್ಟಿದ್ದನು. ಮುಂಬಯಿಯ ಪ್ರಾಧ್ಯಾಪಕರೊಬ್ಬರು ತಮಗೆ ತಿಳಿದಿದ್ದುದನ್ನು ಪ್ರಾಂತದ ಗೃಹಮಂತ್ರಿಗಳಿಗೆ ೨೧ರಂದು ತಿಳಿಸಿದ್ದರು. ದೆಹಲಿಯ ಅಧಿಕಾರಿಗಳು ಮುಂಬಯಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ಪುಣೆಯಲ್ಲಿ ಆ ಸಂಪಾದಕನಾರೆಂದು ಕೇಳಿದ್ದರೆ ಹೆಸರು ದೊರೆಯುವುದು ಕಷ್ಟವಾಗಿರಲಿಲ್ಲ. ಪುಣೆಯ ಹಿರಿಯ ಪೋಲೀಸ್ ಅಧಿಕಾರಿಯೊಬ್ಬರು ಆಗ ದೆಹಲಿಯಲ್ಲಿಯೇ ಇದ್ದರು. ಹೇಳಿಕೆಯ ಪ್ರತಿಯೊಡನೆ ಅವರು ೨೫ರಂದು ರೈಲನ್ನು ಹತ್ತಿ ೨೭ರಂದು ಮುಂಬಯಿಯನ್ನು ಸೇರಿದರು. ಅದೇ ೨೭ರಂದು ನಾಥೂರಾಮ ಗೋಡ್ಸೆ, ನಾರಾಯಣ ಆಪ್ಟೆ ಇಬ್ಬರೂ ಮುಂಬಯಿಯಿಂದ ವಿಮಾನದಲ್ಲಿ ದೆಹಲಿಗೆ ಹಾರಿದರು. ಪ್ರಾರ್ಥನೆಗೆ ಬರುವವರನ್ನು ಶೋಧಿಸುವುದಕ್ಕೆ ಮಹಾತ್ಮರು ಒಪ್ಪಿರಲಿಲ್ಲವೆಂಬುದು ನಿಜ. ಆದರೆ ಪುಣೆಗೆ ಒಂದು ತಂತಿ ಕಳುಹಿಸಲು ಅವರ ಒಪ್ಪಿಗೆ ಬೇಕಾಗಿರಲಿಲ್ಲ. ೧೯೪೯ರ ನವೆಂಬರ್ ೧೫ರಂದು ಅಪರಾಧಿಗಳಿಬ್ಬರೂ ಗಲ್ಲಿಗೇರಿದರು. ಬಹುಕಾಲದ ಮೇಲೆ ೧೯೬೬ರಲ್ಲಿ ನೇಮಕವಾದ ನ್ಯಾಯಮೂರ್ತಿ ಕಪೂರರ ಆಯೋಗವು ಈ ಹತ್ತು ದಿನಗಳನ್ನು ಕೂಲಂಕಷವಾಗಿ ಪರಿಶೀಲಿಸಿ ತನಿಖೆಯಲ್ಲಿನ ಶೈಥಿಲ್ಯವನ್ನು ಬಯಲಿಗೆಳೆಯಿತು. ಆ ಅಧಿಕಾರಿಗಳು ದ್ರೋಹಿಗಳಾಗಿರಲಿಲ್ಲ. ತಮ್ಮ ಮುಂದಿದ್ದ ದಿನವನ್ನು ಎಂದಿನ ದಿನವೆಂದು ಬಗೆದು, ಎಂದಿನ ನಿಧಾನದಲ್ಲಿ ಕೆಲಸ ನಡೆಸಿದರು, ಅಷ್ಟೆ.

ಹೀಗೆ ಎರಡು ಬಗೆಯ ಸಾಮಾನ್ಯ ದಿನಗಳು ನಮ್ಮ ಎದುರಿಗೆ ನಿಲ್ಲುತ್ತವೆ. ಒಂದರಲ್ಲಿ ಕಾಗದವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾವಧಾನವಾಗಿ ಸಾಗುತ್ತದೆ. ಅಪಾಯವು ಅದಕ್ಕಿಂತ ಮುಂಚೆಯೇ ಬಾಗಿಲಿಗೆ ಬಂದಿರುತ್ತದೆ. ಇನ್ನೊಂದರಲ್ಲಿ ಬಂಗಾಳಿ ಅಕ್ಷರವೂ ಕಾಂಗ್ರೆಸ್ಸಿನ ಭವಿಷ್ಯವೂ ಒಂದೇ ಶ್ರದ್ಧೆಗೆ ಪಾತ್ರವಾಗುತ್ತವೆ. ಕಾಲವನ್ನು ನಿಮಿಷ ನಿಮಿಷವಾಗಿ ಅಳೆದು ಬಾಳಿದ ಪುರುಷನು ಕಡೆಯ ದಿನ ಹತ್ತು ನಿಮಿಷ ತಡಮಾಡಿದನು. ಆ ಹತ್ತು ನಿಮಿಷಗಳೂ ಇಬ್ಬರು ಹಿರಿಯರ ಮನಸ್ಸನ್ನು ಬೆಸೆಯುವುದಕ್ಕೆ ವೆಚ್ಚವಾದುವು. ಅದು ವ್ಯರ್ಥವಾಗಲಿಲ್ಲವೆಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ. ಪಂಡಿತರೂ ಸರದಾರರೂ ಆ ದೇಹದ ಬಳಿ ಒಟ್ಟಿಗೆ ಕುಳಿತು ಅತ್ತರು. ೧೯೫೦ರ ಡಿಸೆಂಬರ್ ೧೫ರಂದು ಸರದಾರರು ಕಾಲವಾಗುವವರೆಗೂ, ಭಿನ್ನಾಭಿಪ್ರಾಯಗಳು ಅಳಿಯದಿದ್ದರೂ, ಒಂದೇ ಮಂತ್ರಿಮಂಡಲದಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿದರು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ವಿಲೀನವಾಗಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರು ರಜಾಕಾರರ ಹಾವಳಿಯಿಂದ ಬಿಡುಗಡೆ ಹೊಂದಿದ್ದೂ, ೧೯೫೦ರ ಜನವರಿಯಲ್ಲಿ ಗಣರಾಜ್ಯ ಸ್ಥಾಪನೆಯಾದದ್ದೂ ಒಡೆಯದೆ ಉಳಿದ ಆ ಮಂತ್ರಿಮಂಡಲದ ಕಾಲದಲ್ಲಿ.

ವರ್ಷಕ್ಕೊಮ್ಮೆ ಜನವರಿ ೩೦ರಂದು ಎರಡು ನಿಮಿಷ ಮೌನವಾಗಿ ನಿಲ್ಲುವ ಪದ್ಧತಿ ನಮ್ಮಲ್ಲಿ ಬೆಳೆದುಬಂದಿದೆ. ಅದು ಯೋಗ್ಯವಾದುದೇ. ಆದರೆ ಆ ಎರಡು ನಿಮಿಷಗಳ ಹಿಂದುಮುಂದಿನ ಘಂಟೆಗಳನ್ನು ನಾವು ಹೇಗೆ ಕಳೆಯುತ್ತೇವೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಮೇಜಿನ ಮೇಲೆ ಉತ್ತರಕ್ಕಾಗಿ ಕಾದಿರುವ ಅರ್ಜಿಯೊಂದು ಯಾರ ಪಾಲಿನ ಪ್ರಾಣವೋ ನಾವರಿಯೆವು. ನೆರೆಹೊರೆಯ ಇಬ್ಬರ ಮುನಿಸನ್ನು ಬಿಡಿಸಲು ನಾವು ಕೊಡದೆಹೋದ ಹತ್ತು ನಿಮಿಷಗಳು ಎಂತಹ ಒಡಕಿಗೆ ಎಡೆಮಾಡುವುವೋ ಅದನ್ನೂ ಅರಿಯೆವು. ಆ ಶುಕ್ರವಾರ ಕಡೆಯದೆಂದು ಗಾಂಧೀಜಿಯವರಿಗೂ ತಿಳಿದಿರಲಿಲ್ಲ. ಬೆಳಗ್ಗೆ ತಿದ್ದಿದ ಕರಡು, ನಡುಹಗಲು ಕೇಳಿದ ಅನುಮತಿ, ಸಂಜೆ ನೂತ ನೂಲು ಇವೆಲ್ಲವನ್ನೂ ಅವರು ಅಂದಂದಿನ ಕರ್ತವ್ಯವೆಂದೇ ಮಾಡಿದರು. ನಮ್ಮ ನಮ್ಮ ಕಚೇರಿಗಳಲ್ಲಿ, ಅಂಗಡಿಗಳಲ್ಲಿ, ಮನೆಗಳಲ್ಲಿ ನಾಳೆಯ ದಿನವೂ ಎಂದಿನಂತೆಯೇ ಆರಂಭವಾಗುವುದು. ಅದನ್ನು ಅವರು ತಮ್ಮ ಕಡೆಯ ದಿನವನ್ನು ನಡೆಸಿದಷ್ಟು ಎಚ್ಚರದಿಂದ ನಡೆಸುವೆವಾದರೆ ನಮ್ಮ ಸ್ಮರಣೆ ಸಾರ್ಥಕವಾದೀತು.